ಟೆಲಿಸ್ಕೋಪ್ ಹಾಳಾಗುವುದು ನಾವು ನೋಡದ ತಿಂಗಳುಗಳಲ್ಲಿ

ಹೊಸ ಟೆಲಿಸ್ಕೋಪಿನ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕೈಪಿಡಿ ಇರುತ್ತದೆ. ಜೋಡಿಸುವುದು ಹೇಗೆ, ಚಂದ್ರನನ್ನು ಹುಡುಕುವುದು ಹೇಗೆ ಅಂತ ವಿವರವಾಗಿ ಹೇಳುತ್ತದೆ. ಕಾಪಾಡಿಕೊಳ್ಳುವ ವಿಷಯಕ್ಕೆ ಬಂದರೆ ಮಾತ್ರ ಒಂದೆರಡು ಸಾಲು: ಒಣ ಜಾಗದಲ್ಲಿಡಿ, ಧೂಳು ಬೀಳದಂತೆ ನೋಡಿಕೊಳ್ಳಿ. ಜುಲೈ ತಿಂಗಳಲ್ಲಿ ಉಡುಪಿಯಲ್ಲೋ ತೀರ್ಥಹಳ್ಳಿಯಲ್ಲೋ ಒಣ ಜಾಗ ಎಲ್ಲಿಂದ ತರೋದು? ಗೋಡೆಗೆ ಆನಿಸಿಟ್ಟ ಚಾಪೆಯೇ ಬೂಷ್ಟು ಹಿಡಿಯುವ ಕಾಲ ಅದು.

ಧೂಳಿಗೆ ಜನ ಅಗತ್ಯಕ್ಕಿಂತ ಜಾಸ್ತಿ ಹೆದರುತ್ತಾರೆ, ತೇವಕ್ಕೆ ಹೆದರುವುದೇ ಇಲ್ಲ. ನಮ್ಮ ಕಡೆ ಟೆಲಿಸ್ಕೋಪುಗಳು ಹಾಳಾಗುವುದು ತಾರಸಿ ಮೇಲೆ ನಕ್ಷತ್ರ ನೋಡುವ ರಾತ್ರಿಗಳಲ್ಲಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಮುಚ್ಚಿಕೊಂಡು, ಅದು ಮೂಲೆಯಲ್ಲಿ ಸುಮ್ನೆ ನಿಂತಿರುವಾಗ. ನಮ್ಮ ರೈತರ ಲೆಕ್ಕದಲ್ಲಿ ಮಳೆಗಳೆಲ್ಲ ನಕ್ಷತ್ರದ ಹೆಸರಿನವೇ. ಆದರೆ ಆರಿದ್ರಾ ಮಳೆ ಸುರಿಯುವ ಹೊತ್ತಿಗೆ ಸೂರ್ಯ ಅದೇ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ. ಮೋಡವೇ ಇಲ್ಲದಿದ್ದರೂ ಆಗ ಆರಿದ್ರೆ ಕಾಣುವುದಿಲ್ಲ. ಅದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುವುದನ್ನು ನೋಡಬೇಕೆಂದರೆ ಡಿಸೆಂಬರ್, ಜನವರಿಯ ಸಂಜೆಗಳಿಗೆ ಕಾಯಬೇಕು. ಅಲ್ಲಿಯವರೆಗೆ ಗಾಜನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಪುಟ್ಟ ಮಸೂರದ ಕೊಳವೆಯ ಮೇಲೆ ಒಂದು ಬೆರಳಚ್ಚು, ಕಣ್ಣಿನ ರೆಪ್ಪೆ ತಾಗಿದ ಒಂದಿಷ್ಟು ಜಿಡ್ಡು, ಸ್ವಲ್ಪ ಧೂಳು ಇದ್ದರೆ ಅವಕ್ಕೆ ಆಹಾರವಾಯಿತು. ಗಾಳಿಯ ತೇವಾಂಶ ವಾರಗಟ್ಟಲೆ ಶೇಕಡಾ 70ರ ಮೇಲೆ ನಿಂತಿತೆಂದರೆ ಬೆಳೆಯಲು ಶುರು. ಬೆಳೆದ ಬೂಷ್ಟು ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಮೊದಲು ಲೆನ್ಸಿನ ಮೇಲಿನ ಲೇಪನವನ್ನು ತಿನ್ನುತ್ತದೆ, ಆಮೇಲೆ ಗಾಜನ್ನೇ ಕೊರೆಯುತ್ತದೆ. ಹೊಸದರಲ್ಲಿ ಒರೆಸಿದರೆ ಹೋಗುತ್ತದೆ. ಕೊರೆದ ಮೇಲೆ ಬೂಷ್ಟು ಹೋದರೂ ಅದರ ಗುರುತು ಗಾಜಿನಲ್ಲಿ ಉಳಿದುಬಿಡುತ್ತದೆ.

ನಿಮ್ಮ ಬಳಿ ಐಪೀಸ್ ಇದ್ದರೆ ಈಗಲೇ ಪರೀಕ್ಷಿಸಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಐಪೀಸಿನ ಒಂದು ಬದಿಯಿಂದ ಓರೆಯಾಗಿ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಧೂಳಾದರೆ ಬಿಡಿಬಿಡಿ ಚುಕ್ಕೆಗಳಾಗಿ ಹೊಳೆಯುತ್ತದೆ. ಬೂಷ್ಟಾದರೆ ಅಂಚಿನಿಂದ ಒಳಕ್ಕೆ ಜೇಡರ ಬಲೆಯಂತೆ ಸಣ್ಣ ಸಣ್ಣ ಎಳೆಗಳು ಕವಲೊಡೆದು ಹರಡಿರುತ್ತವೆ. ಹಗಲಲ್ಲಿ ಕಿಟಕಿಯ ಕಡೆ ಹಿಡಿದು ನೋಡಿದರೆ ಇದು ಕಾಣುವುದೇ ಇಲ್ಲ. ಹಳೆಯ ಟೆಲಿಸ್ಕೋಪ್ ಕೊಳ್ಳುವಾಗಲೂ ಮೊದಲು ಮಾಡಬೇಕಾದ ಪರೀಕ್ಷೆ ಇದೇ.

ಬಾರದಂತೆ ತಡೆಯುವುದು ಕಷ್ಟವಲ್ಲ. ಐಪೀಸುಗಳನ್ನು ಫೋಮ್ ತುಂಬಿದ ಪೆಟ್ಟಿಗೆಯಲ್ಲಿ ಬಿಡಬೇಡಿ. ಪೆಟ್ಟಿಗೆ ನೋಡಲು ಚೆಂದ, ಆದರೆ ಫೋಮ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಹಾಕಿ, ತೇವಾಂಶ ತೋರಿಸುವ ಪುಟ್ಟ ಹೈಗ್ರೋಮೀಟರ್ ಒಂದನ್ನು ಇಡಿ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಸಿಲಿಕಾ ಜೆಲ್ ನೀರು ಕುಡಿದು ತುಂಬಿದಾಗ ಬಣ್ಣ ಬದಲಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಸಾಮಾನ್ಯವಾಗಿ ಹಸಿರಾಗುತ್ತದೆ. ಆಗ ಅದನ್ನು ಎಸೆಯಬೇಕಿಲ್ಲ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ನೀರು ಬಿಟ್ಟುಕೊಟ್ಟು ಮತ್ತೆ ಹಳೆಯ ಬಣ್ಣಕ್ಕೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ವಸ್ತು ಇರುವುದರಿಂದ ಅಡುಗೆಯ ಬಾಣಲೆಯಲ್ಲಿ ಖಂಡಿತ ಹುರಿಯಬೇಡಿ. ಹಳೆಯ ಪಾತ್ರೆಯೊಂದನ್ನು ಇದಕ್ಕೇ ಅಂತ ಬೇರೆ ಇಡಿ.

ದೊಡ್ಡ ಕೊಳವೆ ಡಬ್ಬಿಯಲ್ಲಿ ಹಿಡಿಸುವುದಿಲ್ಲವಲ್ಲ, ಅದಕ್ಕೆ ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವರ ಹಳೆಯ ಉಪಾಯ ಇದೆ: ಬೀರುವಿನೊಳಗೆ ಒಂದು ಝೀರೋ ಬಲ್ಬ್ ಉರಿಸಿಡುವುದು. ಹೆಸರಿಗೆ ಝೀರೋ ಆದರೂ ಹಳೆಯ ತಂತಿಯ ಬಲ್ಬ್ ಹತ್ತು-ಹದಿನೈದು ವ್ಯಾಟ್ ಎಳೆಯುತ್ತದೆ, ಅದರಲ್ಲಿ ಬಹುಪಾಲು ಶಾಖವೇ. ಗಾಳಿ ಒಂದೆರಡು ಡಿಗ್ರಿ ಬಿಸಿಯಾದರೂ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ, ಗಾಜಿನ ಮೇಲೆ ನೀರು ಕೂರುವುದಿಲ್ಲ. ಎಲ್‌ಇಡಿ ಬಲ್ಬಿಗೆ ಅಷ್ಟು ಬಿಸಿ ಇರುವುದಿಲ್ಲ, ಅದರಿಂದ ಪ್ರಯೋಜನ ಕಡಿಮೆ. ಬಲ್ಬಿಗೆ ಬಟ್ಟೆ, ಪ್ಲಾಸ್ಟಿಕ್ ತಾಗದಂತೆ ಮಾತ್ರ ನೋಡಿಕೊಳ್ಳಬೇಕು. ನುಸಿಗುಳಿಗೆಯನ್ನಂತೂ ಟೆಲಿಸ್ಕೋಪಿನ ಹತ್ತಿರವೂ ತರಬೇಡಿ. ಅದು ಆವಿಯಾಗಿ ಹೋಗಿ ತಣ್ಣಗಿನ ಗಾಜಿನ ಮೇಲೆ ಮತ್ತೆ ಪದರವಾಗಿ ಕೂರುತ್ತದೆ. ಅಗರಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಕೂಡ ಹಾಗೆಯೇ. ದೇವರ ಕೋಣೆಯಿಂದ, ಅಡುಗೆಮನೆಯಿಂದ ದೂರದ ಕೋಣೆಯನ್ನು ಆರಿಸಿಕೊಳ್ಳಿ.

ಕನ್ನಡಿಯ ಟೆಲಿಸ್ಕೋಪುಗಳಿಗೆ ತೇವದ ಕಾಟ ಇವತ್ತಿನದಲ್ಲ. ನ್ಯೂಟನ್ 1668ರಲ್ಲಿ ಮೊದಲ ಪ್ರತಿಫಲನ ದೂರದರ್ಶಕ ಮಾಡಿದಾಗ ಕನ್ನಡಿ ಗಾಜಿನದಾಗಿರಲಿಲ್ಲ, ತಾಮ್ರ ಮತ್ತು ತವರ ಬೆರೆಸಿದ ಲೋಹದ್ದು. ಅಂಥ ಕನ್ನಡಿ ಹೊಚ್ಚ ಹೊಸದಾಗಿದ್ದಾಗಲೂ ಬಿದ್ದ ಬೆಳಕಿನ ಮೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತಿತ್ತು, ಬೇಗನೆ ಮಂಕಾಗುತ್ತಿತ್ತು. ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತಗಾರನಾಗಿದ್ದ ವಿಲಿಯಂ ಹರ್ಷಲ್ ತಾನೇ ಉಜ್ಜಿ ಮಾಡಿದ ಇಂಥದೊಂದು ಕನ್ನಡಿಯಿಂದ, ಮನೆಯ ಹಿತ್ತಲಿನಲ್ಲಿ ನಿಂತು, 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡ. ಆ ಕನ್ನಡಿಯ ಅಗಲ ಆರು ಇಂಚಿಗಿಂತ ಸ್ವಲ್ಪ ಜಾಸ್ತಿ, ಇವತ್ತು ಹವ್ಯಾಸಿಗಳು ಮೊದಲು ಕೊಳ್ಳುವ ಟೆಲಿಸ್ಕೋಪಿನಷ್ಟೇ. ಕನ್ನಡಿ ಉಜ್ಜುವಾಗ ಅವನು ಗಂಟೆಗಟ್ಟಲೆ ಕೈ ತೆಗೆಯುತ್ತಿರಲಿಲ್ಲ. ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ನಿಂತು ಬಾಯಿಗೆ ತುತ್ತು ಇಡುತ್ತಿದ್ದಳು. ಕಷ್ಟ ಇದ್ದದ್ದು ಆಮೇಲೆ. ಮಂಕಾದ ಲೋಹವನ್ನು ಹೊಳಪಿಸಲು ಮತ್ತೆ ಉಜ್ಜಿದರೆ ಅಷ್ಟು ಕಷ್ಟಪಟ್ಟು ತಂದ ಆಕಾರವೇ ಕೆಡುತ್ತಿತ್ತು. ಅವನ 40 ಅಡಿ ಉದ್ದದ ದೊಡ್ಡ ದೂರದರ್ಶಕಕ್ಕೆ ಎರಡು ಕನ್ನಡಿಗಳನ್ನು ಮಾಡಿಸಿಕೊಂಡಿದ್ದ. ಆದರೂ ಅದು ಅವನ ಆಸೆಯಷ್ಟು ಕೆಲಸ ಕೊಡಲಿಲ್ಲ.

1850ರ ದಶಕದಲ್ಲಿ ದಾರಿ ಸಿಕ್ಕಿತು. ಆಕಾರ ಗಾಜಿನದ್ದು, ಹೊಳಪು ಅದರ ಮೇಲಿನ ತೆಳು ಬೆಳ್ಳಿಯದ್ದು. ಬೆಳ್ಳಿ ಕಪ್ಪಾದರೆ ತೊಳೆದು ಹಾಕಿ ಹೊಸದಾಗಿ ಲೇಪಿಸಿದರಾಯಿತು, ಆಕಾರಕ್ಕೆ ಏನೂ ಆಗುವುದಿಲ್ಲ. ಪ್ಯಾರಿಸ್ಸಿನಲ್ಲಿ ಭೌತವಿಜ್ಞಾನಿ ಲಿಯಾನ್ ಫುಕೋ ಈ ವಿಧಾನವನ್ನು ದೂರದರ್ಶಕಕ್ಕೆ ಒಗ್ಗಿಸಿದವರಲ್ಲಿ ಒಬ್ಬ. 1930ರ ದಶಕದಲ್ಲಿ ಬೆಳ್ಳಿಯ ಜಾಗಕ್ಕೆ ಅಲ್ಯೂಮಿನಿಯಂ ಬಂತು. ನಿರ್ವಾತದಲ್ಲಿ ಅಲ್ಯೂಮಿನಿಯಂ ಕಾಯಿಸಿ, ಆವಿಯಾಗಿಸಿ, ಗಾಜಿನ ಮೇಲೆ ಕೂರಿಸುತ್ತಾರೆ. ಇವತ್ತು ನಿಮ್ಮ ಟೆಲಿಸ್ಕೋಪಿನಲ್ಲಿರುವ ಕನ್ನಡಿಯೂ ಸಾಮಾನ್ಯವಾಗಿ ಇಂಥದ್ದೇ. ಆ ಪದರದ ದಪ್ಪ ಸುಮಾರು 0.1 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ಶನಿಯ ಬಳೆಯನ್ನು ನಿಮ್ಮ ಕಣ್ಣಿಗೆ ತಂದು ಮುಟ್ಟಿಸುವುದು ಇಷ್ಟು ತೆಳುವಾದ ಲೋಹ. ಅಂಗಿಯ ಚುಂಗಿನಿಂದ ಒರೆಸಬಾರದು ಅನ್ನುವುದು ಇದಕ್ಕೇ. ಬಟ್ಟೆಯಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣ ಸಾಕು, ಆ ಪದರವನ್ನು ಗೀರಿ ಹಾಕಲು.

ಹಾಗಾಗಿ ಕನ್ನಡಿಯ ಮೇಲೆ ಸ್ವಲ್ಪ ಧೂಳು ಕಂಡರೆ ಬಿಟ್ಟುಬಿಡಿ. ಅದು ಕನ್ನಡಿಯ ನೂರರಲ್ಲಿ ಒಂದು ಪಾಲನ್ನು ಮುಚ್ಚಿದ್ದರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟಾರ್ಚ್ ಹಾಕಿ ನೋಡಿದಾಗ ಭಯವಾಗುತ್ತದೆ ನಿಜ, ಯಾವ ಕನ್ನಡಿಯೂ ಟಾರ್ಚ್ ಬೆಳಕಿನಲ್ಲಿ ಶುದ್ಧವಾಗಿ ಕಾಣುವುದಿಲ್ಲ. ತೊಳೆಯಲೇಬೇಕಾದ ಸಂದರ್ಭ ಬೇರೆ: ಪರಾಗ ಅಂಟಿಕೊಂಡಿದೆ, ಹಲ್ಲಿಯ ಹಿಕ್ಕೆ ಬಿದ್ದಿದೆ, ಸಮುದ್ರದ ಉಪ್ಪುಗಾಳಿಯ ಪದರ ಕೂತಿದೆ. ಉಪ್ಪು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಅದನ್ನು ಬಿಡುವ ಹಾಗಿಲ್ಲ.

ತೊಳೆಯುವುದು ನಿಧಾನದ ಕೆಲಸ. ಮೊದಲು ಬೆರಳಿನ ಉಂಗುರ, ಕೈಯ ಗಡಿಯಾರ ತೆಗೆದಿಡಿ. ಕನ್ನಡಿಯ ಹಿಡಿಕೆ ಕೊಳವೆಗೆ ಹೇಗೆ ಕೂತಿತ್ತು ಅಂತ ಮಾರ್ಕರಿನಿಂದ ಗುರುತು ಹಾಕಿ ಬಿಚ್ಚಿ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವಲ್ ಹಾಸಿ, ಕನ್ನಡಿಯನ್ನು ಮುಖ ಮೇಲಾಗಿ ಇಡಿ. ಹರಿಯುವ ನೀರು ಹಾಯಿಸಿದರೆ ಸಡಿಲವಾದ ಮಣ್ಣೆಲ್ಲ ಮೊದಲೇ ಹೋಗುತ್ತದೆ. ಆಮೇಲೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಲು ಬಿಡಿ. ನಂತರ ಔಷಧಿ ಅಂಗಡಿಯ ಹತ್ತಿಯ ಉಂಡೆಯನ್ನು ನೀರಿನೊಳಗೇ ಕನ್ನಡಿಯ ಮೇಲೆ ಎಳೆಯಿರಿ. ಒತ್ತಬಾರದು, ಒದ್ದೆ ಹತ್ತಿಯ ಭಾರವಷ್ಟೇ ಬೀಳಬೇಕು. ಒಂದು ಉಂಡೆಗೆ ಒಂದೇ ಎಳೆತ, ಆಮೇಲೆ ಹೊಸ ಉಂಡೆ.

ಕೊನೆಯ ನೀರು ಮುಖ್ಯ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಎಷ್ಟಿದೆ ಅಂತ ಬಕೆಟ್ ಅಂಚಿನ ಬಿಳಿ ಕಲೆ ನೋಡಿದವರಿಗೆ ಗೊತ್ತು. ಅದು ಕನ್ನಡಿಯ ಮೇಲೆ ಒಣಗಿದರೆ ಅದೇ ಕಲೆ ಅಲ್ಲೂ ಕೂರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತಂದು ಅದರಿಂದ ಕೊನೆಯಲ್ಲಿ ತೊಳೆಯಿರಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಕ್ಯಾನಿನ ಚೀಟಿ ಓದಿಯೇ ತನ್ನಿ. ತೊಳೆದ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿದರೆ ನೀರು ತಾನೇ ಇಳಿದು ಹೋಗುತ್ತದೆ. ಉಳಿದ ಒಂದೆರಡು ಹನಿಯನ್ನು ಹತ್ತಿಯ ತುದಿಗೆ ಹೀರಿಸಿ, ಒರೆಸಬೇಡಿ. ಲೆನ್ಸಿನ ಟೆಲಿಸ್ಕೋಪ್ ಆದರೆ ಈ ಕ್ರಮ ಬೇಡ. ಮುಂದಿನ ಲೆನ್ಸುಗಳ ಜೋಡಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು, ಅವುಗಳ ನಡುವಿನ ಅಂತರ ತಪ್ಪಿದರೆ ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ.

ಬಿಚ್ಚಿ ಕೂರಿಸಿದ ಮೇಲೆ ಈ ದೊಡ್ಡ ಕನ್ನಡಿಯನ್ನೂ ಕೊಳವೆಯ ಬಾಯಿಯ ಹತ್ತಿರದ ಪುಟ್ಟ ಕನ್ನಡಿಯನ್ನೂ ಮತ್ತೆ ಒಂದೇ ಸಾಲಿಗೆ ತರಬೇಕು. ಹಿಂದಿನ ಮೂರು ತಿರುಪುಗಳ ಕೆಲಸ ಅದು. ಒಂದು ಪ್ರಕಾಶಮಾನವಾದ ನಕ್ಷತ್ರವನ್ನು ನೋಟದ ನಡುವೆ ಹಿಡಿದು ಫೋಕಸ್ ಸ್ವಲ್ಪ ತಪ್ಪಿಸಿ. ಬೆಳಕಿನ ಬಳೆ ಕಾಣುತ್ತದೆ, ನಡುವೆ ಪುಟ್ಟ ಕನ್ನಡಿಯ ನೆರಳಿನ ಕಪ್ಪು ಚುಕ್ಕೆ. ಚುಕ್ಕೆ ಸರಿಯಾಗಿ ನಡುವೆ ಇದ್ದರೆ ಎಲ್ಲ ಸರಿ. ಒಂದು ಕಡೆ ವಾಲಿದ್ದರೆ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವೆ ತಂದು, ಇನ್ನೊಮ್ಮೆ ನೋಡಿ. ಒಂದೆರಡು ಸಲ ಮಾಡಿದರೆ ಕೈಗೆ ಬರುತ್ತದೆ.

ಚಳಿಗಾಲದಲ್ಲಿ ತೇವ ಇಬ್ಬನಿಯಾಗಿ ಬರುತ್ತದೆ. ಶುಭ್ರ ರಾತ್ರಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಪ್ರತಿ ವಸ್ತುವೂ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ತಣ್ಣಗಾದ ಗಾಜಿಗೆ ತಾಗಿದ ಗಾಳಿ ತನ್ನ ನೀರನ್ನು ಅಲ್ಲೇ ಬಿಡುತ್ತದೆ. ಮುಂಭಾಗದಲ್ಲೇ ಗಾಜಿರುವ ಟೆಲಿಸ್ಕೋಪುಗಳಿಗೆ ಇದರ ತೊಂದರೆ ಜಾಸ್ತಿ. ಹಳೆಯ ಯೋಗಾ ಮ್ಯಾಟನ್ನು ಕತ್ತರಿಸಿ, ಕೊಳವೆಯ ಬಾಯಿಗೆ ಸುತ್ತಿ, ಅಗಲದ ಒಂದೂವರೆ ಪಟ್ಟು ಉದ್ದಕ್ಕೆ ಮುಂದೆ ಚಾಚಿಸಿ. ಗಾಜಿಗೆ ಕಾಣುವ ಆಕಾಶ ಕಡಿಮೆಯಾದಷ್ಟೂ ಅದು ತಣ್ಣಗಾಗುವುದೂ ನಿಧಾನವಾಗುತ್ತದೆ. ಇಬ್ಬನಿ ಬಿದ್ದುಬಿಟ್ಟರೆ ಒರೆಸಬೇಡಿ. ಮನೆಯೊಳಗೆ ತಂದು ಮುಚ್ಚಳ ಹಾಕದೆ, ಬಾಯಿ ಸ್ವಲ್ಪ ಕೆಳಮುಖವಾಗಿರುವಂತೆ ಇಟ್ಟು, ಪೂರ್ತಿ ಒಣಗಲು ಬಿಡಿ. ಒದ್ದೆ ಗಾಜಿಗೆ ಮುಚ್ಚಳ ಹಾಕಿ ಮಲಗುವುದೆಂದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ.

ಬಯಲುಸೀಮೆಯವರಿಗೆ ಇಬ್ಬನಿಗಿಂತ ತಾರಸಿಯ ಶಾಖದ ಸಮಸ್ಯೆ ದೊಡ್ಡದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹಗಲೆಲ್ಲ ಕಾದ ಆರ್‌ಸಿಸಿ ನಡುರಾತ್ರಿಯವರೆಗೂ ಬಿಸಿ ಬಿಡುತ್ತಿರುತ್ತದೆ. ಆ ಗಾಳಿಯ ಮೂಲಕ ನೋಡಿದರೆ ಗುರು ಗ್ರಹದ ಪಟ್ಟೆಗಳು ಅಲುಗಾಡುತ್ತವೆ, ಟೆಲಿಸ್ಕೋಪೇ ಕೆಟ್ಟಿದೆ ಅಂತ ಜನ ಅಂದುಕೊಳ್ಳುತ್ತಾರೆ. ಅಂಗಳದ ಮಣ್ಣು, ಹುಲ್ಲು ತಾರಸಿಗಿಂತ ಎಷ್ಟೋ ಮೇಲು.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಹಗಲಲ್ಲಿ ಟೆಲಿಸ್ಕೋಪನ್ನು ಒಣಗಿಸುವಾಗ ನೆರಳಲ್ಲೇ ಇಡಿ. ಬಿಸಿಲಿಗೆ ಮುಖ ಮಾಡಿಟ್ಟರೆ ಬೆಂಕಿ ಹೊತ್ತಿಕೊಳ್ಳಬಹುದು. ಮಕ್ಕಳು ಕಣ್ಣಿಟ್ಟರೆ ಕ್ಷಣದಲ್ಲಿ ದೃಷ್ಟಿ ಹೋಗಬಹುದು. ಗುರಿ ಹುಡುಕಲು ಕೊಳವೆಯ ಮೇಲೆ ಕೂರಿಸಿದ ಪುಟ್ಟ ಫೈಂಡರ್ ದುರ್ಬೀನಿಗೂ ಮುಚ್ಚಳ ಇರಲೇಬೇಕು. ಕೆಲವು ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಸೂರ್ಯನ ಫಿಲ್ಟರ್ ಬರುತ್ತದೆ. ಶಾಖಕ್ಕೆ ಅದು ಒಡೆಯುತ್ತದೆ. ಬಂದ ದಿನವೇ ಎಸೆದುಬಿಡಿ.

ಇಷ್ಟೆಲ್ಲ ಕಾಪಾಡಿಕೊಳ್ಳುವುದು ಯಾಕೆ ಅಂದರೆ, ನಮ್ಮ ಆಕಾಶ ಅಷ್ಟು ಚೆನ್ನಾಗಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಧ್ರುವ ನಕ್ಷತ್ರ ನಮಗೆ ತೀರಾ ಕೆಳಗೆ, ಮನೆಗಳ ಹಿಂದೆ ಅಡಗುತ್ತದೆ. ಅದರ ಬದಲಿಗೆ ದಕ್ಷಿಣದ ಸಂಪತ್ತು ನಮ್ಮದು. ಹರ್ಷಲ್ ಇಂಗ್ಲೆಂಡಿನ ತನ್ನ ಹಿತ್ತಲಿನಿಂದ ಎಂದೂ ನೋಡಲಾಗದ ಒಮೆಗಾ ಸೆಂಟಾರಿ ಎಂಬ ನಕ್ಷತ್ರ ಗುಚ್ಛ ಏಪ್ರಿಲ್, ಮೇ ರಾತ್ರಿಗಳಲ್ಲಿ ನಮಗೆ ದಕ್ಷಿಣದಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಆರು ಇಂಚಿನ ಕನ್ನಡಿಯಲ್ಲಿ ಅದು ಲೆಕ್ಕವಿಲ್ಲದ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಅದರ ಕೆಳಗೆ ಬಲಕ್ಕೆ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ. ಮುಂಗಾರಿಗೆ ಮುಂಚೆ ನೋಡಿ ಮುಗಿಸಬೇಕಾದ ನೋಟ ಇದು.

ಚೆನ್ನಾಗಿ ನೋಡಿಕೊಂಡರೂ ಅಲ್ಯೂಮಿನಿಯಂ ಪದರ ವರ್ಷಗಳು ಕಳೆದಂತೆ ಸವೆಯುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ 2.3 ಮೀಟರ್ ಅಗಲದ ವೈನು ಬಾಪು ದೂರದರ್ಶಕದ ಕನ್ನಡಿಗೂ ಅದೇ ಗತಿ. ಅಲ್ಲಿ ಕನ್ನಡಿಗೆ ಹೊಸ ಲೇಪನ ಹಾಕಲು ನಿರ್ವಾತ ಯಂತ್ರವನ್ನೇ ಇಟ್ಟುಕೊಂಡಿದ್ದಾರೆ. ನಿಮ್ಮ ಕನ್ನಡಿಯ ಮೇಲೆ ಅಂಚಿನಿಂದ ಮಸುಕು ಹಬ್ಬಿದ್ದರೆ, ಹಿಂದೆ ದೀಪ ಹಿಡಿದಾಗ ಸೂಜಿಮೊನೆಯಂಥ ತೂತುಗಳು ತುಂಬಾ ಕಂಡರೆ, ಮರುಲೇಪನದ ಹೊತ್ತು ಬಂದಿದೆ ಎಂದರ್ಥ. ಹೊಸ ಟೆಲಿಸ್ಕೋಪ್ ಕೊಳ್ಳುವ ಮೊದಲು ಅದನ್ನು ವಿಚಾರಿಸಿ. ಹಳೆಯ ಪದರವನ್ನು ರಾಸಾಯನಿಕದಿಂದ ಕರಗಿಸಿ ತೆಗೆದು ಹೊಸದನ್ನು ಕೂರಿಸುತ್ತಾರೆ. ಕೆಳಗಿನ ಗಾಜಿನ ಆಕಾರ ಮೊದಲಿನ ಹಾಗೆಯೇ ಇರುತ್ತದೆ.