ಹೊಟ್ಟೆ ನೋಡಿ ಕುದುರೆಯ ಗಬ್ಬ ಹೇಳಬೇಡಿ

ಸುಗ್ಗಿ ಮುಗಿದ ಮೇಲೆ ಚಳ್ಳಕೆರೆ, ಹಿರಿಯೂರು ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಕುರಿಗಾರರ ಜೊತೆ ಬಲೆ, ಪಾತ್ರೆ, ಕಂಬಳಿ ಹೊತ್ತ ತಟ್ಟು ಕುದುರೆಯೂ ಬರುವುದುಂಟು. ಅದು ಹೊಟ್ಟೆ ದಪ್ಪಗಿರುವ ಹೆಣ್ಣು ಕುದುರೆಯಾದರೆ, ನೋಡಿದವರು ‘ಗಬ್ಬ ಇರಬೇಕು’ ಅಂದುಬಿಡುತ್ತಾರೆ. ಒಣ ಸಪ್ಪೆ ಜಾಸ್ತಿ ತಿಂದರೂ ಹೊಟ್ಟೆ ದಪ್ಪಗೆ ಕಾಣುತ್ತದೆ, ಜಂತುಹುಳು ಇದ್ದರೂ ಜೋಲುತ್ತದೆ. ಚೊಚ್ಚಲ ಗಬ್ಬದ್ದಾದರೆ ಎಂಟು ತಿಂಗಳಾದರೂ ಕೆಲವಕ್ಕೆ ಹೊಟ್ಟೆ ಎದ್ದು ಕಾಣುವುದಿಲ್ಲ. ಕುದುರೆ ಗಬ್ಬ ಹೊರುವುದು ಸುಮಾರು 340 ದಿನ. ಹೊಟ್ಟೆಯನ್ನೇ ನಂಬಿ ಕೂತರೆ ಅದರಲ್ಲಿ ಬಹುಪಾಲು ಸುಮ್ನೆ ಕಳೆದುಹೋಗುತ್ತದೆ.

ಮೊದಲ ಸುಳಿವು ಬೆದೆ. ಹೆಣ್ಣು ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆಗ ಬಾಲ ಎತ್ತುತ್ತದೆ, ಸ್ವಲ್ಪ ಸ್ವಲ್ಪವೇ ಗಂಜಲ ಹಾಕುತ್ತದೆ. ಗಬ್ಬ ಕಟ್ಟಿದರೆ ಇದು ನಿಲ್ಲುತ್ತದೆ. ಗಂಡು ಹತ್ತಿರ ಬಂದರೆ ಕಿವಿ ಹಿಂದಕ್ಕೆ ಮಡಚಿ ಒದೆಯಲು ಹೋಗುತ್ತದೆ.

ಬೆದೆ ನಿಲ್ಲಿಸುವುದು ಯಾರು ಗೊತ್ತಾ? ಒಳಗಿನ ಭ್ರೂಣವೇ. ಕಡಲೆಕಾಳಿನಷ್ಟು ದೊಡ್ಡದಿರುವಾಗಲೇ ಅದು ಗರ್ಭಕೋಶದ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ಓಡಾಡುತ್ತದೆ. ಗರ್ಭಕೋಶದ ಗೋಡೆಗೆಲ್ಲ ತಾನಿರುವುದು ತಿಳಿಯಬೇಕಲ್ಲ! ಸುಮಾರು 16ನೇ ದಿನಕ್ಕೆ ಒಂದು ಕಡೆ ನೆಲೆ ನಿಲ್ಲುತ್ತದೆ. ಪಶುವೈದ್ಯರು 14ರಿಂದ 16 ದಿನಕ್ಕೆ ಸ್ಕ್ಯಾನ್ ಮಾಡುವುದಕ್ಕೆ ಇದೂ ಒಂದು ಕಾರಣ. ಅವಳಿ ಇದ್ದರೆ ಅವು ಅಂಟಿಕೊಳ್ಳುವ ಮೊದಲೇ ಒಂದನ್ನು ತೆಗೆಯಬಹುದು. ಕುದುರೆಗೆ ಅವಳಿ ಒಳ್ಳೆಯದಲ್ಲ. ಹೆಚ್ಚಿನ ಸಲ ಎರಡೂ ಉಳಿಯುವುದಿಲ್ಲ. ಸುಮಾರು 25 ದಿನಕ್ಕೆ ಮರಿಯ ಹೃದಯ ಬಡಿಯುವುದು ಪರದೆಯ ಮೇಲೆ ಕಾಣುತ್ತದೆ.

ಸ್ಕ್ಯಾನ್ ಸಿಗದ ಕಡೆ ರಕ್ತ ಪರೀಕ್ಷೆ ಇದೆ. ಇದರಲ್ಲೊಂದು ಮೋಸ ಉಂಟು. 36ನೇ ದಿನದ ಆಸುಪಾಸಿನಲ್ಲಿ ಮರಿಯ ಸುತ್ತಲಿನ ಪೊರೆಯ ಕೆಲವು ಜೀವಕೋಶಗಳು ಕಳಚಿ ತಾಯಿಯ ಗರ್ಭಕೋಶದ ಗೋಡೆಯೊಳಗೆ ಇಳಿದು ಬೇರೂರುತ್ತವೆ. ಅವು ಸುರಿಸುವ ಹಾರ್ಮೋನು ಸುಮಾರು 40ರಿಂದ 120 ದಿನದವರೆಗೆ ತಾಯಿಯ ರಕ್ತದಲ್ಲಿ ಸಿಗುತ್ತದೆ. ಈ ನಡುವೆ ಮರಿ ಸತ್ತರೂ ಆ ಜೀವಕೋಶಗಳು ತಮ್ಮ ಕೆಲಸ ನಿಲ್ಲಿಸುವುದಿಲ್ಲ. ರಿಪೋರ್ಟಿನಲ್ಲಿ ‘ಗಬ್ಬ ಇದೆ’ ಅಂತ ಬರುತ್ತದೆ, ಕುದುರೆ ಸರಿಯಾಗಿ ಬೆದೆಗೂ ಬರುವುದಿಲ್ಲ, ಹೊಟ್ಟೆಯಲ್ಲಿ ಮರಿಯೇ ಇಲ್ಲ. ಇನ್ನೊಂದು ತಮಾಷೆ. ಗಂಡು ಕತ್ತೆಯಿಂದ ಗಬ್ಬ ಆಗಿ ಒಳಗಿರುವುದು ಹೇಸರಗತ್ತೆಯಾದರೆ ಈ ಹಾರ್ಮೋನು ತುಂಬಾ ಕಡಿಮೆ. ಆಗ ಗಬ್ಬ ಇದ್ದೂ ‘ಇಲ್ಲ’ ಅನ್ನಬಹುದು. ನನ್ನ ಪ್ರಕಾರ ಒಂದೇ ಪರೀಕ್ಷೆ ಅಂದರೆ ಸ್ಕ್ಯಾನೇ ಸರಿ.

ಕೊನೆಯ ತಿಂಗಳಲ್ಲಿ ಮಾತ್ರ ಕಣ್ಣಿಗೇ ಗೊತ್ತಾಗುತ್ತದೆ. ಕೆಚ್ಚಲು ತುಂಬುತ್ತದೆ, ಬಾಲದ ಬುಡದ ಅಕ್ಕಪಕ್ಕ ಸಡಿಲವಾಗುತ್ತದೆ. ಮರಿ ಹಾಕಲು ಒಂದೆರಡು ದಿನ ಇರುವಾಗ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹಳದಿ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಕೆಲವಕ್ಕೆ ಅದೂ ಕಾಣುವುದಿಲ್ಲ. ಮರಿ ಹಾಕುವುದು ಹೆಚ್ಚಾಗಿ ರಾತ್ರಿ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ತಡವಾದರೆ ಬೆಳಗಾಗಲಿ ಅಂತ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.