ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕೊನೆಯ ದೊಡ್ಡ ಕಾಳಗ ಕಡಲೂರಿನಲ್ಲಿ ನಡೆದಿದ್ದು ನಿಜವಾ?

ನಿಜ. 1783ರ ಜೂನ್ 20ರ ಸಂಜೆ, ತಮಿಳುನಾಡಿನ ಕಡಲೂರಿನ ಎದುರಿನ ಸಮುದ್ರದಲ್ಲಿ ನಡೆಯಿತು. ಆದರೆ ಕಾದಾಡಿದ್ದು ಅಮೆರಿಕನ್ನರಲ್ಲ, ಬ್ರಿಟಿಷರು ಮತ್ತು ಫ್ರೆಂಚರು.

ಅಮೆರಿಕದ ಬೆನ್ನಿಗೆ ನಿಂತ ಫ್ರಾನ್ಸ್ 1778ರಲ್ಲಿ ಬ್ರಿಟನ್ ವಿರುದ್ಧ ಯುದ್ಧಕ್ಕಿಳಿಯಿತು. ಅದರ ಬಿಸಿ ಇಲ್ಲಿಗೂ ತಟ್ಟಿತು. ಮರುವರ್ಷ ಬ್ರಿಟಿಷರು ಮಲಬಾರ್ ಕರಾವಳಿಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ಕಿತ್ತುಕೊಂಡರು. ಹೈದರ್ ಅಲಿಗೆ ಮದ್ದುಗುಂಡು ಬರುತ್ತಿದ್ದುದೇ ಆ ಬಂದರಿನಿಂದ. ಅವನು ಕೆರಳಿದ, 1780ರಲ್ಲಿ ಯುದ್ಧಕ್ಕೆ ಹೊರಟ. ಈ ಸುದ್ದಿ ಅಮೆರಿಕಕ್ಕೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು. ಮೊದಲ ಸಲ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

1783ರ ಜೂನ್‌ನಲ್ಲಿ ಬ್ರಿಟಿಷ್ ಸೇನೆ ಕಡಲೂರನ್ನು ಮುತ್ತಿತ್ತು. ಒಳಗಿದ್ದವನು ಫ್ರೆಂಚ್ ದಂಡನಾಯಕ ಬುಸ್ಸಿ. ನೆರವಿಗೆ ಬಂದ ನೌಕಾಧಿಪತಿ ಸುಫ್ರೆನ್ ಹತ್ತಿರ 15 ದೊಡ್ಡ ಹಡಗುಗಳಿದ್ದವು, ಬ್ರಿಟಿಷರ ಹ್ಯೂಸ್ ಹತ್ತಿರ 18. ಸುಫ್ರೆನ್‌ಗೆ ಫಿರಂಗಿ ನಡೆಸಲು ಆಳುಗಳೇ ಸಾಲದು. ಬುಸ್ಸಿಯಿಂದ ಸುಮಾರು 1,200 ಜನರನ್ನು ಕೇಳಿ ಹತ್ತಿಸಿಕೊಂಡ. ಹ್ಯೂಸ್‌ನ ಪಾಡು ಇನ್ನೂ ಕೆಟ್ಟದು. ತಿಂಗಳುಗಟ್ಟಲೆ ಹಣ್ಣು, ತರಕಾರಿ ಕಾಣದ ನಾವಿಕರಿಗೆ ಸ್ಕರ್ವಿ ಹಿಡಿದಿತ್ತು. ಒಸಡು ಊದಿ ರಕ್ತ ಸೋರುತ್ತದೆ, ಕೈಕಾಲಲ್ಲಿ ಬಲವಿರುವುದಿಲ್ಲ. ಕುಡಿಯುವ ನೀರೂ ಮುಗಿಯುತ್ತಾ ಬಂದಿತ್ತು.

ಸುಮಾರು ಮೂರು ಗಂಟೆ ಗುಂಡಿನ ಮಳೆ. ಒಂದೊಂದು ಕಡೆಯೂ ನೂರರ ಹತ್ತಿರ ಜನ ಸತ್ತರು, ನೂರಾರು ಜನ ಗಾಯಗೊಂಡರು. ಒಂದು ಹಡಗೂ ಮುಳುಗಲಿಲ್ಲ. ಹ್ಯೂಸ್ ಮದ್ರಾಸಿಗೆ ಹಿಂದಿರುಗಿದ, ಕಡಲೂರು ಫ್ರೆಂಚರ ಕೈಯಲ್ಲೇ ಉಳಿಯಿತು.

ಒಂಬತ್ತು ದಿನಕ್ಕೆ, ಜೂನ್ 29ರಂದು, ಬಿಳಿ ಬಾವುಟ ಹಾರಿಸಿಕೊಂಡು ಒಂದು ಬ್ರಿಟಿಷ್ ಹಡಗು ಬಂತು. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಜನವರಿ 20ರಂದೇ ಸಂಧಾನಕ್ಕೆ ಸಹಿ ಬಿದ್ದಿತ್ತು! ಸುದ್ದಿ ಇಲ್ಲಿಗೆ ಬರುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಅಷ್ಟು ಜನ ಸುಮ್ನೆ ಸತ್ತರು ಅನ್ನಿಸುತ್ತೆ, ಅಲ್ವಾ?

ಆ ಸುದ್ದಿಯ ಪೆಟ್ಟು ಜಾಸ್ತಿ ಬಿದ್ದಿದ್ದು ಮಾತ್ರ ಮೈಸೂರಿಗೆ. ಹೈದರ್ ಹಿಂದಿನ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. ಟಿಪ್ಪು ಬ್ರಿಟಿಷರ ಕೈಯಲ್ಲಿದ್ದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಅವನ ಜೊತೆಗಿದ್ದ ಫ್ರೆಂಚ್ ತುಕಡಿ ‘ನಮ್ಮ ಯುದ್ಧ ಮುಗಿಯಿತು’ ಎಂದು ಹಿಂದೆ ಸರಿಯಿತು. ಟಿಪ್ಪು ಒಬ್ಬನೇ ಮುಂದುವರಿಸಿದ. 1784ರ ಜನವರಿ ಕೊನೆಗೆ ಕೋಟೆ ಅವನಿಗೆ ಶರಣಾಯಿತು, ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.