ಪದ ಪರಿಚಯ: ಹಿಪ್ ಆರ್ತ್ರೋಸ್ಕೋಪಿ – ಒಂದು ಬದಿ, ಎರಡು ಬದಿ

ಸೊಂಟದ ಕೀಲನ್ನೇ ಬದಲಾಯಿಸುವುದಕ್ಕೂ ‘ಕೀಹೋಲ್ ಹಿಪ್ ಸರ್ಜರಿ’, ಅದರೊಳಗೆ ಕ್ಯಾಮೆರಾ ತೂರಿಸಿ ರಿಪೇರಿ ಮಾಡುವುದಕ್ಕೂ ಅದೇ ಹೆಸರು. ಇದು ಸಾಲದೆಂಬಂತೆ ‘ಕೀಹೋಲ್ ತಾನೇ, ಎರಡೂ ಬದಿ ಒಟ್ಟಿಗೇ ಮುಗಿಸಿಕೊಳ್ಳಿ’ ಎಂಬ ಸಲಹೆ ಬೇರೆ. ಹೆಸರು ಕಲಸಿಹೋದಾಗ ಅಪಾಯದ ಲೆಕ್ಕವೂ ಕಲಸಿಹೋಗುತ್ತದೆ. ಆದ್ದರಿಂದ ಇವನ್ನು ಬಿಡಿಸಿ ನೋಡಲೇಬೇಕು.

ಗ್ರೀಕಿನ ‘ಆರ್ಥ್ರಾನ್’ ಎಂದರೆ ಕೀಲು, ‘ಸ್ಕೋಪೈನ್’ ಎಂದರೆ ನೋಡುವುದು. ಆರ್ತ್ರೋಸ್ಕೋಪಿ ಎಂದರೆ ಕೀಲಿನೊಳಗೆ ಇಣುಕುವುದು. ಕಂಡದ್ದನ್ನು ಅಲ್ಲೇ ಸರಿಪಡಿಸುವುದು ಆಮೇಲೆ ಸೇರಿಕೊಂಡದ್ದು. ಆರ್ತ್ರೋಪ್ಲಾಸ್ಟಿಯ ‘ಪ್ಲಾಸ್ಟಿ’ಗೆ ರೂಪ ಕೊಡುವುದು ಎಂಬ ಅರ್ಥ, ಸೊಂಟದ ವಿಷಯದಲ್ಲಿ ಅದು ಸಾಮಾನ್ಯವಾಗಿ ಕೃತಕ ಕೀಲು ಕೂರಿಸುವುದು. ಎರಡೂ ಬದಿಯ ಕೀಲು ಬದಲಾವಣೆಯಲ್ಲಿ ರಕ್ತನಷ್ಟ, ಮೂಳೆಮಜ್ಜೆಯ ಕೊಬ್ಬು ಶ್ವಾಸಕೋಶ ಸೇರುವುದು ಮುಂತಾದ ಭಯಗಳಿವೆ. ಅವನ್ನು ತಂದು ಸ್ಕೋಪಿಯ ಮೇಲೆ ಹೇರಿದರೆ ಸುಮ್ಮನೆ ಗಾಬರಿ. ಸ್ಕೋಪಿಯ ಅಪಾಯಗಳೇ ಬೇರೆ, ಅವುಗಳಲ್ಲಿ ಹೆಚ್ಚಿನವು ಹುಟ್ಟುವುದು ಕಾಲನ್ನು ಎಳೆದು ಹಿಡಿಯುವುದರಿಂದ.

1931ರಲ್ಲಿ ಮೈಕಲ್ ಬರ್ಮನ್ ಶವಗಳ ಕೀಲುಗಳಲ್ಲಿ ಇಣುಕಿ ನೋಡಿ, ತೊಡೆಮೂಳೆಯ ಚೆಂಡಿಗೂ ಅದರ ಬಟ್ಟಲಿಗೂ ನಡುವೆ ಸೂಜಿ ತೂರಿಸುವುದು ಅಸಾಧ್ಯವೆಂದು ಬರೆದಿದ್ದರು. ಎಳೆಯದಿದ್ದರೆ ಇಂದಿಗೂ ಆ ಸಂದು ತೆರೆದುಕೊಳ್ಳುವುದಿಲ್ಲ. ರೋಗಿಗೆ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಪೂರ್ತಿ ಸಡಿಲಿಸಿ, ಪಾದವನ್ನು ಮೆತ್ತೆಯ ಬೂಟಿನಲ್ಲಿ ಬಿಗಿದು, ಸುಮಾರು 11ರಿಂದ 22 ಕಿಲೋ ಬಲದಲ್ಲಿ ಎಳೆಯುತ್ತಾರೆ. ಸಿ-ಆರ್ಮ್ ಎಂಬ, ಸರ್ಜರಿಯ ನಡುವೆಯೇ ಚಿತ್ರ ತೋರಿಸುವ ಎಕ್ಸ್‌ರೇಯಲ್ಲಿ 8ರಿಂದ 10 ಮಿಲಿಮೀಟರ್ ಸಂದು ಕಾಣಬೇಕು. ಆಮೇಲೆ ಸೂಜಿ, ತಂತಿ, ಕೊಳವೆ, ಕೊನೆಗೆ 70 ಡಿಗ್ರಿ ಓರೆಯಾಗಿ ನೋಡುವ ಕ್ಯಾಮೆರಾ. ಚರ್ಮದ ಮೇಲೆ ತಲಾ ಒಂದು ಸೆಂಟಿಮೀಟರಿನ ಎರಡು ಮೂರು ಕಿಂಡಿಗಳಷ್ಟೆ. ‘ಕೀಹೋಲ್’ ಎಂಬ ಮಾತು ವರ್ಣಿಸುವುದು ಈ ಚರ್ಮವನ್ನು ಮಾತ್ರ.

ಸಂದು ಸಾಲದಿದ್ದರೂ ಉಪಕರಣ ನುಗ್ಗಿಸಿದರೆ ಮೃದ್ವಸ್ಥಿ ಗೀರುತ್ತದೆ, ಬಟ್ಟಲಿನ ಅಂಚಿನ ಮೆತ್ತನೆಯ ಬಳೆ, ಅಂದರೆ ಲೇಬ್ರಮ್, ತೂತಾಗುತ್ತದೆ. ಹೆಚ್ಚು ಬಲದಲ್ಲಿ ಅಥವಾ ಹೆಚ್ಚು ಹೊತ್ತು ಎಳೆದರೆ ನರಗಳಿಗೆ ಪೆಟ್ಟು. ಎಳೆತಕ್ಕೆ ತಡೆಯಾಗಿ ತೊಡೆಗಳ ನಡುವೆ ನಿಲ್ಲಿಸುವ ಕಂಬ ಪ್ಯೂಡೆಂಡಲ್ ನರವನ್ನು ಒತ್ತಿ ಜನನಾಂಗದ ಸುತ್ತ ಜೋಮು ತರುತ್ತದೆ. ಬಹುಪಾಲು ರೋಗಿಗಳಲ್ಲಿ ಇದು ತಾನಾಗಿ ಇಳಿಯುತ್ತದೆ, ಆದರೆ ಮುಂಚೆಯೇ ಹೇಳದಿದ್ದರೆ ರೋಗಿ ಹೌಹಾರುತ್ತಾರೆ. ಅದಕ್ಕೇ ದಪ್ಪ ಮೆತ್ತೆಯ ಅಗಲವಾದ ಕಂಬ, ಅಥವಾ ಮೇಜನ್ನು ತಲೆಯ ಕಡೆಗೆ ಓರೆ ಮಾಡಿ ಕಂಬವೇ ಇಲ್ಲದೆ ಎಳೆಯುವ ವಿಧಾನ. ಎಳೆತ ಎರಡು ಗಂಟೆ ದಾಟಬಾರದೆಂಬುದು ಒಪ್ಪಿತ ಮಿತಿ. ತೊಡೆಯ ಹೊರಬದಿಯ ಜೋಮಿಗೆ ಕಾರಣ ಬೇರೆ: ಮುಂಭಾಗದ ಕಿಂಡಿಯ ಪಕ್ಕದಲ್ಲೇ ಹಾಯುವ ಚರ್ಮದ ನರ.

ಕೀಲನ್ನು ಉಬ್ಬಿಸಲು ಹರಿಸುವ ಉಪ್ಪುನೀರು, ಅಂದರೆ ಸಲೈನ್, ಅಪರೂಪಕ್ಕೆ ಹೊಟ್ಟೆಯೊಳಗೆ ಸೋರುತ್ತದೆ. ಮೈ ತಣ್ಣಗಾಗುವುದು, ಹೊಟ್ಟೆ ಬಿಗಿಯುವುದು, ರಕ್ತದೊತ್ತಡ ಕುಸಿಯುವುದು ಅದರ ಸುಳಿವುಗಳು. ಒಳಹೋದ ನೀರೆಷ್ಟು, ಹೊರಬಂದದ್ದೆಷ್ಟು ಎಂದು ಲೆಕ್ಕವಿಡುವುದೂ, ನಡುನಡುವೆ ಹೊಟ್ಟೆ ಮುಟ್ಟಿ ನೋಡುವುದೂ ಇದಕ್ಕಾಗಿಯೇ. ತೊಡೆಮೂಳೆಯ ಕತ್ತಿನಲ್ಲಿ ಬಟ್ಟಲಿನ ಅಂಚಿಗೆ ತಗುಲುವ ಉಬ್ಬನ್ನು, ಅಂದರೆ ಕ್ಯಾಮ್ ಅನ್ನು, ಅತಿಯಾಗಿ ಕೆರೆದರೆ ಕತ್ತು ಮುರಿಯಬಹುದು. ಕಡಿಮೆ ಕೆರೆದರೆ ನೋವು ಉಳಿಯುತ್ತದೆ, ಮತ್ತೆ ಸರ್ಜರಿ ಬೇಕಾಗುವುದಕ್ಕೆ ಇದೇ ದೊಡ್ಡ ಕಾರಣ. ಪ್ರಕಟಿತ ವಿಮರ್ಶೆಗಳಲ್ಲಿ ಗಂಭೀರ ತೊಂದರೆ ಶೇ 1ಕ್ಕಿಂತ ಕಡಿಮೆ, ಸಣ್ಣಪುಟ್ಟವು ಶೇ 7–8ರ ಆಸುಪಾಸು. ಅನುಭವಿ ಕೈಗಳಲ್ಲಿ ಸುರಕ್ಷಿತ ಎನ್ನಲು ಅಡ್ಡಿಯಿಲ್ಲ. ಆದರೆ ಮೃದ್ವಸ್ಥಿ ಸವೆದು, ಎಳೆಯುವ ಮುಂಚಿನ ಎಕ್ಸ್‌ರೇಯಲ್ಲಿ ಕೀಲಿನ ಸಂದು 2 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಸುರಕ್ಷಿತವಾಗಿ ಮುಗಿದ ಸರ್ಜರಿಯಿಂದಲೂ ಲಾಭ ಕಡಿಮೆ. ಅಂಥವರಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಕೀಲು ಬದಲಾವಣೆಗೆ ಬರುತ್ತಾರೆ.

ಇನ್ನು ‘ಬೈಲ್ಯಾಟರಲ್’, ಅಂದರೆ ಎರಡು ಬದಿ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಎರಡೂ ಬದಿಯಲ್ಲಿ ಮೂಳೆಯ ಆಕಾರ ಕೆಟ್ಟಿರುವುದು ಒಂದು, ಎರಡೂ ಬದಿ ನೋಯುವುದು ಇನ್ನೊಂದು, ಎರಡಕ್ಕೂ ಸರ್ಜರಿ ಬೇಕಾಗಿರುವುದು ಮತ್ತೊಂದು. ಎಕ್ಸ್‌ರೇಯಲ್ಲಿ ಎರಡೂ ಕಡೆ ಕ್ಯಾಮ್ ಕಾಣುವುದು ಸಾಮಾನ್ಯ. ನೋಯದ ಬದಿಯನ್ನು ಚಿತ್ರ ನೋಡಿ ಕುಯ್ಯುವಂತಿಲ್ಲ. ಸೊಂಟ ನೋವೆಂದು ನಾವು ಬೆನ್ನಿನ ಕೆಳಭಾಗವನ್ನು ತೋರಿಸುತ್ತೇವೆ, ಈ ಕೀಲಿನ ನೋವೋ ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗಾಗಿ ‘ಎರಡೂ ಸೊಂಟ ನೋವು’ ಎಂದವರ ಬೆನ್ನುಮೂಳೆಯನ್ನೂ ಪರೀಕ್ಷಿಸಬೇಕು.

ಎರಡೂ ಬದಿಗೆ ಬೇಕೇ ಬೇಕೆಂದಾದರೆ ದಾರಿ ಎರಡು: ಒಂದೇ ಅರಿವಳಿಕೆಯಲ್ಲಿ ಒಂದಾದ ಮೇಲೊಂದು, ಅಥವಾ ವಾರಗಳಿಂದ ತಿಂಗಳುಗಳವರೆಗೆ ಅಂತರ ಬಿಟ್ಟು. ಆಯ್ದ ರೋಗಿಗಳಲ್ಲಿ ಒಂದೇ ಸಲ ಮಾಡಿದ ಚಿಕ್ಕ ಅಧ್ಯಯನಗಳ ಫಲಿತಾಂಶ ಚೆನ್ನಾಗಿಯೇ ಇದೆ. ‘ಆಯ್ದ’ ಎಂಬ ಪದವನ್ನು ನುಂಗಿಬಿಟ್ಟು ಅದನ್ನು ಉದ್ಧರಿಸುವವರೇ ಹೆಚ್ಚು. ಅರಿವಳಿಕೆಯ ಹೊತ್ತು, ಸಲೈನ್, ಕಂಬದ ಒತ್ತಡ ಎಲ್ಲವೂ ಕೂಡುತ್ತಾ ಹೋಗುತ್ತವೆ. ಒಂದು ಬದಿಯಾದರೆ ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ, ಊರುಗೋಲು ಹಿಡಿದು 2ರಿಂದ 4 ವಾರ ಕಳೆಯಬಹುದು. ಎರಡೂ ಕಾಲಿಗೆ ಭಾರದ ಮಿತಿ ಇದ್ದರೆ ಏಳುವುದು, ಕೂರುವುದು, ಶೌಚಾಲಯಕ್ಕೆ ಹೋಗುವುದು ಎಲ್ಲಕ್ಕೂ ಇನ್ನೊಬ್ಬರು ಬೇಕು. ಓಡಾಟ ತಗ್ಗಿದಷ್ಟೂ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ಮೃದ್ವಸ್ಥಿ ಹೋದ ಜಾಗದ ಮೂಳೆಯಲ್ಲಿ ಸಣ್ಣ ತೂತುಗಳನ್ನು ಮಾಡುವ ಮೈಕ್ರೋಫ್ರಾಕ್ಚರ್ ಬೇಕಾದರೆ ಭಾರದ ಮಿತಿ 6ರಿಂದ 8 ವಾರಕ್ಕೆ ಏರುತ್ತದೆ. ಎರಡೂ ಬದಿಗೆ ಅದು ಬೇಕಾಗಬಹುದೆಂಬ ಅನುಮಾನವಿದ್ದರೆ ಅಂತರ ಬಿಡುವುದೇ ಸರಿ.

ಒಟ್ಟಿಗೇ ಮಾಡುವುದೆಂದು ನಿಶ್ಚಯವಾದರೆ ಹೆಚ್ಚು ನೋಯುವ ಬದಿ ಮೊದಲು. ಹೊತ್ತು ಮೀರಿದರೆ ಅಥವಾ ಮೈ ತಣ್ಣಗಾದರೆ ಎರಡನೆಯದನ್ನು ಅಲ್ಲಿಗೇ ಕೈಬಿಡಬೇಕು, ಒಪ್ಪಿಗೆ ಪತ್ರದಲ್ಲಿ ಅದಕ್ಕೂ ಜಾಗವಿರಬೇಕು. ಸರ್ಜರಿಯ ಟಿಪ್ಪಣಿಯಲ್ಲಿ ಎಳೆತದ ಹೊತ್ತನ್ನು ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಬೇರೆಬೇರೆಯಾಗಿ ಬರೆದಿದ್ದಾರೆಯೇ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.